ಬಸ್ಸು ತಪ್ಪಿಲ್ಲ, ಓಡುತ್ತಿದ್ದೇವೆ

ನಮ್ಮ ಕಡೆ ನಲವತ್ತು ದಾಟಿದ ಮನುಷ್ಯ ರಸ್ತೆಯಲ್ಲಿ ಓಡಬೇಕಾದರೆ ಊರು ಒಪ್ಪುವ ಕಾರಣಗಳು ಬಹಳ ಕಡಿಮೆ. ಬಸ್ಸು ಹೊರಟಿರಬೇಕು. ಇಲ್ಲವೆ ನಾಯಿ ಬೆನ್ನು ಹತ್ತಿರಬೇಕು. ಎತ್ತು ಹಗ್ಗ ಹರಿದುಕೊಂಡಿರಬೇಕು, ಮಾಳಿಗೆ ಮೇಲೆ ಒಣಹಾಕಿದ ಮೆಣಸಿನಕಾಯಿಗೆ ಮಳೆ ಬಂದಿರಬೇಕು. ಇವ್ಯಾವೂ ಇಲ್ಲದೆ ಓಡುವವನನ್ನು ಕಂಡರೆ ಊರಿಗೆ ಸಂಶಯ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಆಲಮಟ್ಟಿಯಲ್ಲಿ ನಾವು ಆರು ಜನ ಓಡಲು ಹೊರಟಾಗ ಒಂದೇ ವಾರದಲ್ಲಿ ಈ ಸಂಶಯಗಳೆಲ್ಲ ಒಂದೊಂದಾಗಿ ಎದುರು ಬಂದು ನಿಂತವು. "ಯಾಕ್ರೀ ಸರ, ಬಸ್ ತಪ್ಪೇತೇನು?" ಎಂದು ಕೇಳಿದವರು ಎಷ್ಟೋ ಜನ. "ಕಾಯ್ಕು ಭಾಗ್‌ರೈಂ ಮಾಮು?" ಎಂದು ಚಹಾದಂಗಡಿಯ ಹುಡುಗರು ಕೂಗಿದರು. ಒಬ್ಬ ಪುಣ್ಯಾತ್ಮ ಬೈಕು ನಿಲ್ಲಿಸಿ, "ಬರ್ರಿ, ಗಾಡಿ ಹತ್ರಿ, ಎಲ್ಲಿತನಕ ಅದ ಅಲ್ಲಿತನಕ ಮುಟ್ಟಸ್ತೀನಿ" ಎಂದ. ಅವನ ಒಳ್ಳೆಯತನದಲ್ಲಿ ನಮಗೆ ಅನುಮಾನವಿಲ್ಲ. ಆದರೆ ಮನುಷ್ಯ ತನ್ನ ಕಾಲಿನ ಮೇಲೆ ಸುಮ್ಮನೆ ಓಡಬಹುದು ಎಂಬ ಕಲ್ಪನೆ ಅವನಿಗೆ ಬರಲೇ ಇಲ್ಲ.

ಈ ‘ನಾವು’ ಯಾರು ಎಂದು ಹೇಳಿಬಿಡುವುದು ಒಳ್ಳೆಯದು. ಇಬ್ಬರು ಶಿಕ್ಷಕರು, ಒಬ್ಬ ಟೇಲರ್, ಒಬ್ಬ ಕಿರಾಣಿ ಅಂಗಡಿಯವರು, ಒಬ್ಬ ಅಂಗನವಾಡಿ ಕಾರ್ಯಕರ್ತೆ, ಮತ್ತೆ ಕತೆ ಬರೆಯುವ ಈ ಕೈ. ಎಲ್ಲರೂ ನಲವತ್ತರಿಂದ ಐವತ್ತೈದರೊಳಗಿನವರು. ಇಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಬಿ.ಪಿ., ಎಲ್ಲರಿಗೂ ಹೊಟ್ಟೆ. ಮೊದಲ ದಿನ ನಮ್ಮ ಓಟದ ಉದ್ದ ಎರಡು ಲೈಟಿನ ಕಂಬಗಳ ನಡುವಿನಷ್ಟು. ಮೂರನೆಯ ಕಂಬಕ್ಕೆ ಹೋಗುವಷ್ಟರಲ್ಲಿ ಉಸಿರು ಗಂಟಲಿಗೆ ಬಂದಿತ್ತು. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆಯೋ ನಮಗೆ ಇನ್ನೂ ತಿಳಿದಿಲ್ಲ. ಇಪ್ಪತ್ತೈದು ವರ್ಷ ಮಷೀನಿನ ಮುಂದೆ, ಗಲ್ಲಾದ ಮುಂದೆ, ಮೇಜಿನ ಮುಂದೆ ಕೂತ ದೇಹ ಒಂದೇ ದಿನಕ್ಕೆ ಜಿಂಕೆಯಾಗುವುದಿಲ್ಲ.

ನಮ್ಮ ತಕರಾರು ನಗುವವರ ಮೇಲಲ್ಲ. ನಗು ಎರಡು ವಾರಕ್ಕೆ ಹಳತಾಗುತ್ತದೆ. ತಕರಾರಿರುವುದು ಗಂಭೀರ ಮುಖ ಮಾಡಿಕೊಂಡು ಬುದ್ಧಿ ಹೇಳುವವರ ಮೇಲೆ. ಆರೋಗ್ಯ ಶಿಬಿರದ ವೇದಿಕೆಯಿಂದ, ಪತ್ರಿಕೆಗಳ ಪುರವಣಿಯಿಂದ, ಮೊಬೈಲಿನ ಪ್ರೇರಣಾ ಭಾಷಣದಿಂದ ಒಂದೇ ಮಾತು ಬರುತ್ತಿದೆ: ನಮ್ಮ ಜನ ಸೋಮಾರಿಗಳು, ಮೈ ಬಗ್ಗಿಸುವುದಿಲ್ಲ, ಕಾಯಿಲೆಯನ್ನು ತಾವೇ ಕರೆದುಕೊಂಡಿದ್ದಾರೆ. ಈ ಮಾತಿಗೆ ಅಂಕಿಅಂಶದ ಬೆಂಬಲವೂ ಇದೆ. 2024ರಲ್ಲಿ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದ ಪ್ರಕಾರ 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಬೇಕಾದಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಬೇಕಾದಷ್ಟು ಎಂದರೆ ವಾರಕ್ಕೆ 150 ನಿಮಿಷದ ಬಿರುಸಿನ ನಡಿಗೆ, ಅಥವಾ 75 ನಿಮಿಷದ ಓಟದಂಥ ಶ್ರಮ. ಅದಕ್ಕೂ ಹಿಂದಿನ ವರ್ಷ ಐಸಿಎಂಆರ್ ಬೆಂಬಲದ ಅಧ್ಯಯನವೊಂದು ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಇನ್ನು 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಹೇಳಿತ್ತು. ಸರಿ. ಈಗ ಮೊದಲ ಅಧ್ಯಯನದ ಒಳಗಿನ ಇನ್ನೊಂದು ಲೆಕ್ಕ ನೋಡಿ. ಚಟುವಟಿಕೆ ಸಾಲದ ಗಂಡಸರು ನೂರಕ್ಕೆ 42, ಹೆಂಗಸರು ನೂರಕ್ಕೆ 57. ನಸುಕಿನಲ್ಲಿ ಎದ್ದು ನೀರು, ಒಲೆ, ರೊಟ್ಟಿ, ಮಕ್ಕಳು ಎಂದು ರಾತ್ರಿ ಹತ್ತರ ತನಕ ಕೂರದ ಹೆಂಗಸರೇ ಗಂಡಸರಿಗಿಂತ ಹೆಚ್ಚು ಸೋಮಾರಿಗಳೆಂದು ಯಾವ ಬಾಯಿಂದ ಹೇಳುತ್ತೀರಿ? ಅವರಿಗಿಲ್ಲದಿರುವುದು ತಮಗಾಗಿ ಒಂದು ಅರ್ಧ ಗಂಟೆ, ಹೊರಗೆ ಕಾಲಿಡಲು ಒಂದು ಜಾಗ. ಸೋಮಾರಿತನದ ಮಾತಾಡುವವರು ಇಲ್ಲಿ ಸುಮ್ಮನಾಗುತ್ತಾರೆ.

ಇನ್ನೊಂದು ಆಕ್ಷೇಪಣೆ ನಮ್ಮವರದ್ದೇ, ಎಡಪಂಥೀಯ ಗೆಳೆಯರದ್ದು. "ಇದೆಲ್ಲ ಹೊಟ್ಟಿ ತುಂಬಿದವರ ಚಾಳಿ" ಎನ್ನುತ್ತಾರೆ. ಕಬ್ಬು ಕಡಿಯಲು ಗುಂಪು ಕಟ್ಟಿಕೊಂಡು ಹೋಗುವವರಿಗೆ, ಗುಳೆ ಹೋಗಿ ಗೋವಾದಲ್ಲಿ ಕಲ್ಲು ಹೊರುವವರಿಗೆ ಓಟದ ಪಾಠ ಹೇಳುತ್ತೀರಾ ಎಂದು ಕೇಳುತ್ತಾರೆ. ಇಲ್ಲ, ಹೇಳುವುದಿಲ್ಲ. ಅವರಿಗೆ ಬೇಕಿರುವುದು ವಿಶ್ರಾಂತಿ ಮತ್ತು ಕೂಲಿ. ಆದರೆ ದುಡಿಮೆ ಎಂದರೆ ಹೊಲದ ದುಡಿಮೆ ಮಾತ್ರ ಎಂದು ತಿಳಿಯುವುದು ಹಳೆಯ ರೂಢಿ. ಹೊಲಿಗೆ ಮಷೀನಿನ ಮುಂದೆ ಹನ್ನೆರಡು ತಾಸು ಬಾಗಿ ಕೂರುವುದು ದುಡಿಮೆಯೇ, ಮನೆಯೊಳಗೆ ಕೂತು ಬೀಡಿ ಸುತ್ತುವುದು, ಆಟೋ ಓಡಿಸುವುದೂ ದುಡಿಮೆಯೇ. ನಮ್ಮ ಸಮುದಾಯದ ಬಹುಪಾಲು ಸಣ್ಣ ಕಸುಬುಗಳು ಇಂಥವೇ, ಬೆನ್ನು ಮುರಿಯುತ್ತವೆ, ಆದರೆ ಎದೆಬಡಿತ ಏರಿಸುವುದಿಲ್ಲ. ಹೊಟ್ಟೆ ತುಂಬಿದ್ದಕ್ಕೆ ಬಂದ ಹೊಟ್ಟೆ ಇದಲ್ಲ. ಅನ್ನ, ರೊಟ್ಟಿ, ಸಕ್ಕರೆ ಹಾಕಿದ ನಾಲ್ಕು ಕಪ್ಪು ಚಹಾ, ದಿನವಿಡೀ ಕೂತ ಸೊಂಟ, ಇಷ್ಟೇ ಅದರ ಇತಿಹಾಸ.

ಹಾಗೆ ನೋಡಿದರೆ ‘ಓಡಲು ಬಾರದವರ ಓಟ’ ಎಂಬುದು ಈ ಲೋಕಕ್ಕೇ ಬಹಳ ಹಳೆಯದೇನಲ್ಲ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಒಲಿಂಪಿಕ್ ಚಾಂಪಿಯನ್ನರನ್ನು ತಯಾರು ಮಾಡಿದ ಕೋಚ್. ಪೀಟರ್ ಸ್ನೆಲ್ ಅವರ ಶಿಷ್ಯ. ಅದೇ ಲಿಡಿಯಾರ್ಡ್ 1960ರ ದಶಕದ ಆರಂಭದಲ್ಲಿ ಆಕ್ಲೆಂಡಿನಲ್ಲಿ ಹೊಟ್ಟೆ ಬಂದ, ಹೃದಯಾಘಾತ ಕಂಡ ಮಧ್ಯವಯಸ್ಕರನ್ನು ಮೆಲ್ಲಗೆ ಓಡಿಸತೊಡಗಿದರು. 1962ರಲ್ಲಿ ಅಮೆರಿಕದ ಆರೆಗನ್‌ನಿಂದ ಬಿಲ್ ಬೋವರ್ಮನ್ ಎಂಬ ಹೆಸರಾಂತ ಕೋಚ್ ಅಲ್ಲಿಗೆ ಹೋದರು. ಅವರಿಗಾಗ 51. ಜಗತ್ತಿನ ಓಟಗಾರರಿಗೆ ಪಾಠ ಹೇಳುತ್ತಿದ್ದ ಈ ಮನುಷ್ಯ ಆ ಗುಂಪಿನ ಜೊತೆ ಓಡಲು ಹೋಗಿ ಏದುಸಿರು ಬಿಡುತ್ತ ಹಿಂದೆ ಉಳಿದರು. ಅವರ ಜೊತೆಗೆ ಮಾತಾಡುತ್ತ, ಅವರಿಗಾಗಿ ನಿಧಾನ ಮಾಡಿದವರು ಹೃದಯಾಘಾತಗಳನ್ನು ದಾಟಿ ಬಂದ ಎಪ್ಪತ್ತು ದಾಟಿದ ಮುದುಕರು. ಬೋವರ್ಮನ್ ಊರಿಗೆ ಮರಳಿ ಸಾಮಾನ್ಯ ಜನರಿಗೆ ಓಟ ಕಲಿಸಿದರು, ಹೃದಯ ತಜ್ಞರೊಬ್ಬರ ಜೊತೆ ಸೇರಿ 1967ರಲ್ಲಿ ‘ಜಾಗಿಂಗ್’ ಎಂಬ ಪುಸ್ತಕ ಬರೆದರು. ಆ ಪದ ಲೋಕವೆಲ್ಲ ಹರಡಿತು. (ಇದೇ ಬೋವರ್ಮನ್ ಮುಂದೆ ‘ನೈಕಿ’ ಆದ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರು. ಬರಿಗಾಲಿನ ಆಸೆ ಹೀಗೆ ಹತ್ತು ಸಾವಿರ ರೂಪಾಯಿಯ ಬೂಟಿನಲ್ಲಿ ಮುಗಿದದ್ದು ಬೇರೆಯೇ ಕತೆ.) ನಾವು ಗಮನಿಸಬೇಕಾದ ಸಂಗತಿ ಒಂದೇ: ಆರಂಭದಲ್ಲಿ ಈ ಓಟ ರೋಗಿಗಳದ್ದು, ಮುದುಕರದ್ದು, ನಿಧಾನದವರದ್ದು. ವೇಗದವರು ನಂತರ ಬಂದು ಹಕ್ಕು ಸ್ಥಾಪಿಸಿದರು.

ನಿಧಾನದವರಿಗೆ ದಾರಿಯೂ ಇದೆ, ಅದು ಗುಟ್ಟೇನಲ್ಲ. ಐದು ನಿಮಿಷ ಬಿರುಸಾಗಿ ನಡೆಯಬೇಕು. ಆಮೇಲೆ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ. ಹೀಗೆ ಇಪ್ಪತ್ತು ನಿಮಿಷ. ವಾರಕ್ಕೆ ಮೂರು ದಿನ ಸಾಕು, ನಡುವಿನ ದಿನ ಕಾಲಿಗೆ ಬಿಡುವು. ವಾರ ವಾರ ಓಟದ ನಿಮಿಷ ಹೆಚ್ಚಿಸಿ ನಡಿಗೆಯ ನಿಮಿಷ ಕಡಿಮೆ ಮಾಡುತ್ತ ಹೋಗುವುದು. 1996ರಲ್ಲಿ ಜಾಶ್ ಕ್ಲಾರ್ಕ್ ಎಂಬ ಅಮೆರಿಕನ್ ಯುವಕ ತನ್ನ ಐವತ್ತು ದಾಟಿದ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂಬತ್ತು ವಾರದ ಈ ಲೆಕ್ಕ ಹಾಕಿದ, ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯೂ ಅದನ್ನೇ ತೆಗೆದುಕೊಂಡಿದೆ. ಒಂಬತ್ತು ವಾರ ನಮಗೆ ಹದಿನೆಂಟು ವಾರ ಹಿಡಿಯಿತು. ಹಿಡಿಯಲಿ, ಯಾರಿಗೆ ಏನು ನಷ್ಟ? ಓಡುತ್ತ ಒಂದು ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಬರದಿದ್ದರೆ ವೇಗ ಹೆಚ್ಚಾಯಿತು ಎಂದರ್ಥ. ಎದೆ, ಉಸಿರು ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಹೊಸಬರ ಮೊಣಕಾಲ ಕೆಳಗಿನ ಎಲುಬು ನೋಯುವುದು ಈ ವ್ಯತ್ಯಾಸದಿಂದ. ಉಸಿರು ‘ಓಡು’ ಎನ್ನುತ್ತದೆ, ಎಲುಬು ‘ತಾಳು’ ಎನ್ನುತ್ತದೆ, ಎಲುಬಿನ ಮಾತು ಕೇಳಬೇಕು. ಸಕ್ಕರೆ, ಬಿ.ಪಿ. ಇರುವವರು, ಎದೆ ಹಿಡಿದ ಅನುಭವ ಇರುವವರು ಮೊದಲು ಡಾಕ್ಟರ ಹತ್ತಿರ ಹೋಗಿ ಬರಬೇಕು, ಇದರಲ್ಲಿ ಧೈರ್ಯದ ಪ್ರದರ್ಶನ ಬೇಡ.

ಮೊಣಕಾಲು ಸವೆಯುತ್ತದೆ ಎಂದು ಹೆದರಿಸುವವರು ಪ್ರತಿ ಕಟ್ಟೆಯ ಮೇಲೂ ಒಬ್ಬರಿರುತ್ತಾರೆ. ಅವರು ಓಡಿದವರಲ್ಲ, ಓಡಿದವರನ್ನು ಕಂಡವರೂ ಅಲ್ಲ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಹವ್ಯಾಸಕ್ಕೆ ಓಡುವವರಲ್ಲಿ ಮೊಣಕಾಲು-ಸೊಂಟದ ಕೀಲು ಸವೆತ ನೂರಕ್ಕೆ 3.5 ಜನರಲ್ಲಿ ಕಂಡಿತು, ಓಡದೆ ಕೂತವರಲ್ಲಿ 10.2. ಸ್ಪರ್ಧೆಗಾಗಿಯೇ ದಶಕಗಳ ಕಾಲ ಓಡಿದವರಲ್ಲಿ ಮಾತ್ರ ಅದು 13.3. ಅಂದರೆ ಭಯಪಡಬೇಕಾದವರು ಪದಕದ ಹಿಂದೆ ಬಿದ್ದವರು ಮತ್ತು ಕಟ್ಟೆಯ ಮೇಲೆ ಕೂತವರು.

ಈಗ ಆಲಮಟ್ಟಿಯ ರಸ್ತೆಗೆ ಬರೋಣ. ನಸುಕಿನಲ್ಲಿ ಅಲ್ಲಿ ನಮಗಿಂತ ಮೊದಲೇ ಓಡುತ್ತಿರುವವರು ಹುಡುಗರು. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಟ್ಟಬೇಕು. ಅಗ್ನಿವೀರ ಆಗಬೇಕಾದರೆ ಸಮಯ ಇನ್ನೂ ಕಡಿಮೆ. ವಿಜಯಪುರ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ನಸುಕಿನಲ್ಲಿ ಈ ಓಟ ಕಾಣುತ್ತದೆ. ಚೆಂದದ ದೃಶ್ಯವೆಂದು ಪತ್ರಿಕೆಗಳು ಫೋಟೋ ಹಾಕುತ್ತವೆ. ನಮಗೆ ಅದನ್ನು ಕಂಡಾಗ ಸಂಕಟವೇ ಹೆಚ್ಚು. ಅಷ್ಟು ಓಡಬಲ್ಲ ಹುಡುಗ ಆರು ನಿಮಿಷ ನಲವತ್ತು ಸೆಕೆಂಡಿಗೆ ಮುಟ್ಟಿದರೆ ಅನುತ್ತೀರ್ಣ. ಎರಡು ಸಲ, ಮೂರು ಸಲ ಅನುತ್ತೀರ್ಣನಾಗಿ ವಯೋಮಿತಿ ಮೀರಿದ ಮರುದಿನ ಅವನು ಬೂಟು ಬಿಚ್ಚಿಡುತ್ತಾನೆ, ಮತ್ತೆಂದೂ ಓಡುವುದಿಲ್ಲ. ಓಟ ಅವನ ಪಾಲಿಗೆ ಸೋತ ಪರೀಕ್ಷೆಯ ಹೆಸರಾಗಿಬಿಟ್ಟಿದೆ. ಹತ್ತು ವರ್ಷ ಕಳೆದು ಹೊಟ್ಟೆ ಬಂದ ಮೇಲೆ ಅವನನ್ನೇ ಶಿಬಿರದಲ್ಲಿ ಕೂರಿಸಿ ಸೋಮಾರಿ ಎಂದು ಬಯ್ಯುತ್ತಾರೆ. ದೇಹ ಸರ್ಕಾರದ ಅಳತೆಗೆ ಬಂದರೆ ಮಾತ್ರ ಬೆಲೆ ಎಂದು ಇಪ್ಪತ್ತಕ್ಕೇ ಕಲಿಸಿದವರು ಯಾರು?

ನಗರದ ಮ್ಯಾರಥಾನುಗಳ ಕತೆ ಇನ್ನೊಂದು ಬಗೆಯದು. ಬೆಂಗಳೂರಿನಲ್ಲಿ 2008ರಿಂದ ದೊಡ್ಡ ಹತ್ತು ಕಿಲೋಮೀಟರ್ ಓಟ ನಡೆಯುತ್ತಿದೆ. ನಮ್ಮ ವಿಜಯಪುರದಲ್ಲೂ ‘ವೃಕ್ಷಥಾನ್ ಹೆರಿಟೇಜ್ ರನ್’ ಬಂದಿದೆ, 2023ರ ಡಿಸೆಂಬರ್‌ನಲ್ಲಿ ಸಾವಿರಾರು ಜನ ಓಡಿದರು. ಗಿಡ ನೆಡುವ ಮಾತಿನ ಜೊತೆ ಆದಿಲ್‌ಶಾಹಿ ಸ್ಮಾರಕಗಳ ಊರಿನಲ್ಲಿ ಎಲ್ಲ ಜಾತಿ-ಧರ್ಮದವರು ಒಟ್ಟಿಗೆ ಓಡುವುದು ಈ ಕಾಲದಲ್ಲಿ ಸಣ್ಣ ಸಂಗತಿಯಲ್ಲ, ಅದನ್ನು ಹೀಗಳೆಯುವುದಿಲ್ಲ. ಆದರೆ ಓಟವೆಂದರೆ ವರ್ಷಕ್ಕೊಂದು ಭಾನುವಾರ, ಟೀ ಶರ್ಟು, ಬ್ಯಾನರು, ಪದಕ ಎಂಬ ತಿಳಿವಳಿಕೆ ಬೆಳೆದುಬಿಟ್ಟರೆ ಉಳಿದ 364 ದಿನ ರಸ್ತೆ ಯಾರದು? ಆ ಒಂದು ದಿನ ಪೊಲೀಸರು ವಾಹನ ತಡೆದು ದಾರಿ ಬಿಡಿಸುತ್ತಾರೆ. ಮರುದಿನ ಅದೇ ದಾರಿಯಲ್ಲಿ ಓಡುವವನ ಜೀವ ಅವನ ಕೈಯಲ್ಲಿ.

ಇದು ಅತಿಶಯದ ಮಾತಲ್ಲ. ನವೆಂಬರ್ ಬಂತೆಂದರೆ ನಮ್ಮ ರಸ್ತೆಗಳು ಕಬ್ಬಿನ ಟ್ರ್ಯಾಕ್ಟರಿನವು. ಎರಡೆರಡು ಟ್ರೇಲರ್, ಹಿಂದೆ ಕೆಂಪು ದೀಪವಿಲ್ಲ, ಮುಂದೆ ಕಿವಿ ಒಡೆಯುವ ಹಾಡು. ಡ್ರೈವರ್‌ಗೆ ಹಾರ್ನ್ ಕೇಳುವುದಿಲ್ಲ, ಇನ್ನು ಓಡುವವನ ಹೆಜ್ಜೆ ಕೇಳುತ್ತದೆಯೆ? ರಸ್ತೆ ಬಿಟ್ಟು ಇಳಿದರೆ ಎರೆ ಮಣ್ಣು, ಮಳೆಯಾದರೆ ಒಂದೊಂದು ಕಾಲಿಗೆ ಒಂದೊಂದು ಸೇರು ಹತ್ತುತ್ತದೆ. ಫೌಜಾ ಸಿಂಗ್ ಹೆಸರು ಓದುಗರು ಕೇಳಿರುತ್ತಾರೆ. ಪಂಜಾಬಿನ ರೈತ, ಇಂಗ್ಲೆಂಡಿಗೆ ಹೋದವರು, ಹೆಂಡತಿ-ಮಗನನ್ನು ಕಳೆದುಕೊಂಡ ದುಃಖದಲ್ಲಿ ಓಡಲು ಹಿಡಿದು 2000ದಲ್ಲಿ ತಮ್ಮ 89ನೇ ವಯಸ್ಸಿನಲ್ಲಿ ಲಂಡನ್ ಮ್ಯಾರಥಾನ್ ಮುಗಿಸಿದರು. 2011ರಲ್ಲಿ ಟೊರಾಂಟೋದಲ್ಲಿ ನೂರು ವರ್ಷದ ಅಜ್ಜನಾಗಿ 42 ಕಿಲೋಮೀಟರ್ ದಾಟಿದರು. ಅಂಥ ಮನುಷ್ಯನನ್ನು ವಯಸ್ಸು ಕೊಲ್ಲಲಿಲ್ಲ, ಓಟ ಕೊಲ್ಲಲಿಲ್ಲ. 2025ರ ಜುಲೈನಲ್ಲಿ ಜಲಂಧರ್ ಹತ್ತಿರ ತಮ್ಮದೇ ಊರಿನ ರಸ್ತೆ ದಾಟುವಾಗ ವಾಹನ ಬಡಿದು ತೀರಿಕೊಂಡರು.

ನಸುಕಿನ ರಸ್ತೆಯ ಬಗ್ಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ, ಬರೆಯಲು ಸಂಕೋಚ. ಆ ಹೊತ್ತು ಹಳ್ಳಿಯ ರಸ್ತೆ ಬದಿ ಹೆಂಗಸರದ್ದು. ದೇಶ ಬಯಲು ಶೌಚದಿಂದ ಮುಕ್ತವಾಯಿತು ಎಂದು 2019ರಲ್ಲಿ ಘೋಷಣೆಯಾಯಿತು. ಕತ್ತಲಲ್ಲಿ ಓಡುವವರಿಗೆ ಆ ಘೋಷಣೆಯ ಬೆಲೆ ಗೊತ್ತಾಗುತ್ತದೆ. ಓಡುತ್ತ ಬರುವ ಗಂಡಸಿನ ಸಪ್ಪಳ ಕೇಳಿ ಅವರು ಎದ್ದು ನಿಲ್ಲಬೇಕು, ಅವನು ದಾಟುವ ತನಕ ಕಾಯಬೇಕು. ನಮ್ಮ ಆರೋಗ್ಯಕ್ಕಾಗಿ ಅವರು ಏಳುವುದು ಯಾವ ನ್ಯಾಯ? ಹಾಗಾಗಿಯೇ ನಾವು ಹಳ್ಳಿಯ ರಸ್ತೆ ಬಿಟ್ಟೆವು. ರಸ್ತೆಯೇ ಓಡುವ ಜಾಗ ಎಂದು ಸಲಹೆ ಕೊಡುವವರು ಒಂದು ದಿನ ಐದು ಗಂಟೆಗೆ ಎದ್ದು ನೋಡಲಿ.

ಹಾಗಾದರೆ ಹೆಂಗಸರು ಎಲ್ಲಿ ಓಡಬೇಕು? ನಮ್ಮ ಗುಂಪಿನಲ್ಲಿ ಇಬ್ಬರು ಹೆಂಗಸರು. ಒಬ್ಬರು ಬುರ್ಖಾ, ಬೂಟು ಹಾಕಿ ಓಡುತ್ತಾರೆ, ಇನ್ನೊಬ್ಬರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ. ಗಂಡಸರಿಗೆ ಸಿಕ್ಕಿದ್ದು ನಗೆ, ಇವರಿಗೆ ಸಿಕ್ಕಿದ್ದು ಸಮುದಾಯದ ನ್ಯಾಯಾಲಯ. ಮನೆಗೆ ಬಂದು ಹೇಳಿದವರು ಇದ್ದಾರೆ: ಷರೀಫ್ ಮನೆತನದ ಹೆಣ್ಣುಮಕ್ಕಳಿಗೆ ಇದು ಶೋಭೆಯಲ್ಲ, ದೀನಿಗೆ ಒಪ್ಪುವುದಿಲ್ಲ. ದೀನಿನ ಹೆಸರು ತೆಗೆದ ಮೇಲೆ ನಾವೂ ಒಂದು ಮಾತು ನೆನಪಿಸಬೇಕಾಗುತ್ತದೆ. ಪ್ರವಾದಿ (ಸ) ಅವರು ಪ್ರಯಾಣವೊಂದರಲ್ಲಿ ಹಜ್ರತ್ ಆಯಿಷಾ (ರ) ಜೊತೆ ಓಟದ ಪಂದ್ಯ ಕಟ್ಟಿದ್ದು, ಆಗ ಆಯಿಷಾ ಗೆದ್ದದ್ದು, ಮುಂದೆ ಮೈ ತುಂಬಿಕೊಂಡ ಮೇಲೆ ಇನ್ನೊಮ್ಮೆ ಓಡಿ ಸೋತದ್ದು, ಅಂದಿನದಕ್ಕೆ ಇಂದಿನದು ಸರಿಹೋಯಿತು ಎಂದು ಪ್ರವಾದಿ ತಮಾಷೆ ಮಾಡಿದ್ದು, ಇವೆಲ್ಲ ಅಬೂದಾವೂದ್ ಸಂಗ್ರಹದಲ್ಲಿವೆ. ಹೇಳಿದವರು ಬೇರೆ ಯಾರೂ ಅಲ್ಲ, ಸ್ವತಃ ಆಯಿಷಾ. ಮೈ ಭಾರವಾಗಿತ್ತು ಎಂಬುದನ್ನು ಅವರು ಮುಚ್ಚಿಡಲೂ ಇಲ್ಲ. ಮೈ ತುಂಬಿದ ಹೆಣ್ಣು ಓಡಿದ್ದನ್ನು, ಸೋತಿದ್ದನ್ನು, ನಕ್ಕಿದ್ದನ್ನು ಇಷ್ಟು ಸಲೀಸಾಗಿ ಹೇಳಿದ ಪರಂಪರೆ ಇದು. ಅದರ ವಾರಸುದಾರರೆಂದು ಹೇಳಿಕೊಳ್ಳುವವರು ಅಂಗನವಾಡಿ ಕಾರ್ಯಕರ್ತೆಯೊಬ್ಬಳ ಇಪ್ಪತ್ತು ನಿಮಿಷಕ್ಕೆ ಪಹರೆ ಕೂರುತ್ತಾರೆ.

ಇನ್ನೂ ಹಿಂದಕ್ಕೆ ಹೋಗಬಹುದು. ಮಗುವಿಗೆ ನೀರು ಹುಡುಕುತ್ತ ಬೀಬಿ ಹಾಜಿರಾ ಸಫಾ-ಮರ್ವಾ ಗುಡ್ಡಗಳ ನಡುವೆ ಏಳು ಸಲ ಅಲೆದರು, ನಡುವಿನ ತಗ್ಗಿನಲ್ಲಿ ಓಡಿದರು. ಹಜ್, ಉಮ್ರಾಕ್ಕೆ ಹೋದವರೆಲ್ಲ ಆ ಓಡಾಟವನ್ನೇ ಮಾಡಿ ಬರುತ್ತಾರೆ. ಈಗ ಆ ತಗ್ಗಿನ ಜಾಗಕ್ಕೆ ಹಸಿರು ದೀಪದ ಗುರುತಿದೆ. ಅಲ್ಲಿ ಗಂಡಸರು ಓಡುತ್ತಾರೆ, ಹೆಂಗಸರು ನಡೆಯುತ್ತಾರೆ. ಫಿಕ್ಹ್‌ನ ಚರ್ಚೆಗೆ ನಾವು ಇಳಿಯುವುದಿಲ್ಲ, ಅದಕ್ಕೆ ಬಲ್ಲವರಿದ್ದಾರೆ, ಆ ನೂಕುನುಗ್ಗಲಿಗೆ ಅದರದೇ ಕಾರಣಗಳೂ ಇವೆ. ಆದರೆ ಒಬ್ಬ ಹೆಣ್ಣಿನ ಓಟವನ್ನು ಇಬಾದತ್ತಾಗಿ ಉಳಿಸಿಕೊಂಡ ಸಮುದಾಯ ಹೆಣ್ಣು ಓಡುವುದೇ ಬೇಷರಮಿ ಎಂದು ಹೇಳುವಾಗ ನಾಲಿಗೆ ತಡವರಿಸಬೇಕಿತ್ತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದ ಅಲ್ಜೀರಿಯಾದ ಹಸೀಬಾ ಬೂಲ್‌ಮೆರ್ಕಾ ಅವರಿಗೆ ಕೊಲೆ ಬೆದರಿಕೆ ಹಾಕಿದವರೂ ಧರ್ಮದ ಹೆಸರನ್ನೇ ಹೇಳಿದ್ದರು. 2012ರ ಲಂಡನ್‌ನಲ್ಲಿ ಸೌದಿಯ ಸಾರಾ ಅತ್ತಾರ್ ತಲೆ ಮುಚ್ಚಿ, ಉದ್ದ ತೋಳಿನ ಉಡುಪಿನಲ್ಲಿ 800 ಮೀಟರ್ ಓಡಿದರು, ಉಳಿದವರಿಗಿಂತ ಅರ್ಧ ನಿಮಿಷಕ್ಕೂ ಹೆಚ್ಚು ಹಿಂದೆ ಬಂದರು. ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬಟ್ಟೆ ಅಡ್ಡ ಬರಲಿಲ್ಲ, ನಿಧಾನವೂ ಅಡ್ಡ ಬರಲಿಲ್ಲ.

"ಐದು ಹೊತ್ತಿನ ನಮಾಜೇ ಸಾಕಲ್ಲ, ಅದಕ್ಕಿಂತ ಒಳ್ಳೆಯ ವ್ಯಾಯಾಮ ಯಾವುದು?" ಎಂದು ಕೇಳುವವರಿಗೂ ಉತ್ತರ ಕೊಡಬೇಕು. ನಮಾಜು ಇಬಾದತ್. ಅದನ್ನು ಜಿಮ್ಮಿನ ಲೆಕ್ಕಕ್ಕೆ ಇಳಿಸುವುದು ನಮಾಜಿಗೂ ಗೌರವವಲ್ಲ, ವ್ಯಾಯಾಮಕ್ಕೂ ಉಪಕಾರವಲ್ಲ. ಐದು ಹೊತ್ತು ತಪ್ಪದೆ ಪಡೆದವರೇ ಸಾಲಾಗಿ ಮಸೀದಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಹಾಗಾಗಿದೆ. ಹದಿನೈದು ವರ್ಷದ ಹಿಂದೆ ನಮ್ಮ ಮಸೀದಿಯಲ್ಲಿ ಎರಡು ಕುರ್ಚಿ ಇದ್ದವು. ಈಗ ಒಂದು ಸಫ್ ಪೂರ್ತಿ ಕುರ್ಚಿಗಳು. ಸಜ್ದಾಕ್ಕೆ ಬಾಗುವ ಮೊಣಕಾಲು ಉಳಿಯಬೇಕೆಂದಾದರೂ ಮೌಲಾನಾ ಸಾಹೇಬರು ಜುಮ್ಮಾದ ಬಯಾನಿನಲ್ಲಿ ಈ ವಿಷಯ ಎತ್ತಬೇಕು. ಫಜರ್ ಮುಗಿದ ಮೇಲಿನ ಅರ್ಧ ಗಂಟೆಗಿಂತ ಒಳ್ಳೆಯ ಹೊತ್ತು ಓಟಕ್ಕೆ ಬೇರೆ ಇಲ್ಲ. ಏಪ್ರಿಲ್, ಮೇನಲ್ಲಂತೂ ಅದು ಬಿಟ್ಟರೆ ಬೇರೆ ಹೊತ್ತೇ ಇಲ್ಲ, ಎಂಟು ಗಂಟೆಗೆ ನೆಲ ಕಾಯ್ದು ಹೆಂಚಾಗಿರುತ್ತದೆ.

ಉರ್ದು ಶಾಲೆಯಲ್ಲಿ ಕಲಿತವರಿಗೆ ‘ತಾಲೀಮ್’ ಎಂದರೆ ವಿದ್ಯೆ. ವಿಜಯಪುರ, ಬಾಗಲಕೋಟೆ ಕಡೆಯ ಕನ್ನಡದಲ್ಲಿ ‘ತಾಲೀಮು’ ಎಂದರೆ ಗರಡಿಮನೆ. ಎರಡೂ ಒಂದೇ ಪದ. ದೇಹಕ್ಕೂ ಕಲಿಯುವುದಿದೆ, ಅದಕ್ಕೂ ಒಂದು ಮನೆ ಬೇಕು ಎಂದು ತಿಳಿದಿದ್ದ ಊರುಗಳು ನಮ್ಮವು. ಹನುಮಪ್ಪನ ಚಿತ್ರದ ಕೆಳಗೆ ಕೆಂಪು ಮಣ್ಣಿನಲ್ಲಿ ಸಾಬರ ಹುಡುಗರೂ ಲಿಂಗಾಯತರ ಹುಡುಗರೂ ಒಟ್ಟಿಗೆ ಸಾಮು ತೆಗೆದ ಕಾಲವನ್ನು ಹಿರಿಯರು ಈಗಲೂ ಹೇಳುತ್ತಾರೆ. ಅಲ್ಲೂ ಹೆಂಗಸರಿಗೆ ಜಾಗವಿರಲಿಲ್ಲ, ಆ ಮಾತು ಬೇರೆ. ಆಲಮಟ್ಟಿಯ ಕಟ್ಟೆಗೆ 1964ರ ಮೇ ತಿಂಗಳಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು, ಜಲಾಶಯಕ್ಕೆ ಅವರದೇ ಹೆಸರು. ನೀರು ನಿಂತಾಗ ಹಳ್ಳಿಗಳು ಮುಳುಗಿದವು, ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗಿ ನವನಗರ ಎದ್ದಿತು. ಮನೆಗೆ ಬೆಲೆ ಕಟ್ಟಿದರು, ಮರಕ್ಕೆ ಕಟ್ಟಿದರು, ಬಾವಿಗೆ ಕಟ್ಟಿದರು. ಹೊಳೆದಂಡೆಯ ಮಳಲಿಗೆ ಮಾತ್ರ ಬೆಲೆ ಇರಲಿಲ್ಲ. ಮಕ್ಕಳು ಓಡಿದ್ದು, ಹುಡುಗರು ಕಬಡ್ಡಿ ಆಡಿದ್ದು, ಸಂಜೆ ಮುದುಕರು ಕಾಲು ಚಾಚಿದ್ದು ಆ ಮಳಲಿನ ಮೇಲೆಯೇ. ಅದಕ್ಕೆ ಖಾತೆದಾರ ಇಲ್ಲವಾದ್ದರಿಂದ ಪರಿಹಾರ ಕೇಳುವವರೂ ಇಲ್ಲ.

ಅದಕ್ಕೆ ಬದಲಾಗಿ ಬಂದದ್ದು ಉದ್ಯಾನಗಳು. ರಾಕ್ ಗಾರ್ಡನ್, ಮೊಘಲ್ ಗಾರ್ಡನ್, ಸಂಗೀತ ಕಾರಂಜಿ. ಚೆಂದವಾಗಿವೆ, ದೂರದ ಊರಿನವರು ಟಿಕೆಟ್ ತೆಗೆದು ನೋಡಿ ಸಂತೋಷಪಡುತ್ತಾರೆ, ಅದರಿಂದ ಊರಿಗೆ ನಾಲ್ಕು ಕಾಸು. ಆದರೆ ಅವುಗಳ ಲೆಕ್ಕ ಹಾಕಿದ್ದು ನೋಡಲು ಬರುವವರಿಗಾಗಿ. ಇಲ್ಲೇ ಇದ್ದು ದಿನಾ ನಸುಕಿನಲ್ಲಿ ಏದುಸಿರು ಬಿಡುವವರು ಆ ಲೆಕ್ಕದಲ್ಲಿಲ್ಲ. ಒಂದೂವರೆ ಕಿಲೋಮೀಟರ್ ಉದ್ದ, 26 ಗೇಟುಗಳ ಕಟ್ಟೆ ನಮ್ಮ ಕಣ್ಣೆದುರಿಗೇ ಇದೆ, ಅಷ್ಟು ಸಪಾಟು ದಾರಿ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಭದ್ರತೆಯ ಕಾರಣಕ್ಕೆ ಅಲ್ಲಿ ಬಿಡುವುದಿಲ್ಲ, ಬಿಡಬೇಕೆಂದು ನಾವು ಕೇಳುವುದೂ ಇಲ್ಲ. 123 ಟಿಎಂಸಿ ನೀರು ಹಿಡಿದ ಗೋಡೆಯ ಮೇಲೆ ನಮ್ಮ ಹೊಟ್ಟೆ ಕರಗಿಸುವ ಹಟ ಬೇಡ.

ಕೇಳುವುದು ಬೇರೆ. ಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗುವ ಜಮೀನಿಗೆ ಬೆಲೆಯನ್ನೂ ನಿಗದಿ ಮಾಡಿತು: ನೀರಾವರಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ. ನೀರು ಏರುವುದಾದರೆ ಇನ್ನಷ್ಟು ಊರುಗಳು ಏಳುತ್ತವೆ, ಇನ್ನಷ್ಟು ಪುನರ್ವಸತಿ ಬಡಾವಣೆಗಳ ನಕಾಶೆ ತಯಾರಾಗುತ್ತದೆ. ಆ ನಕಾಶೆಯಲ್ಲಿ ಸಮುದಾಯ ಭವನ ಇರುತ್ತದೆ, ನಮಗೆ ಗೊತ್ತು, ಉದ್ಘಾಟನೆಗೆ ಕಲ್ಲು ಹಾಕಲು ಅನುಕೂಲ. ಅದರ ಪಕ್ಕ ಬೇಲಿ ಇಲ್ಲದ, ಟಿಕೆಟ್ ಇಲ್ಲದ, ಮಣ್ಣು ಬಡಿದು ಗಟ್ಟಿ ಮಾಡಿದ ಒಂದು ಬಯಲು ಬೇಕು. ಸುತ್ತ ನಾಲ್ಕು ದೀಪ, ಒಂದು ನಲ್ಲಿ, ಹೆಂಗಸರಿಗೊಂದು ಶೌಚಾಲಯ. ಒಂದು ಕಮಾನಿನ ಖರ್ಚಿನಲ್ಲಿ ಇಷ್ಟೆಲ್ಲ ಆಗುತ್ತದೆ.

ಅದು ಆಗುವ ತನಕ ಕಾಯಲು ನಮಗೆ ವಯಸ್ಸಿಲ್ಲ. ಇರುವ ಊರುಗಳಲ್ಲಿ ಶಾಲೆಯ ಮೈದಾನಗಳಿವೆ, ಸುತ್ತ ಗೋಡೆ, ಗೇಟಿಗೆ ಬೀಗ. ಕುಡುಕರು ಬರುತ್ತಾರೆ ಎಂದು ಬೀಗ ಹಾಕಿದ್ದು ಸರಿಯೇ, ಆದರೆ ಕುಡುಕರು ಗೋಡೆ ಹಾರಿ ಬರುತ್ತಾರೆ, ಬಾಟಲಿ ಒಡೆದು ಹೋಗುತ್ತಾರೆ, ಗೋಡೆ ಹಾರಲಾರದ ನಲವತ್ತೆಂಟರ ಹೆಂಗಸು ಮಾತ್ರ ಹೊರಗೆ ಉಳಿಯುತ್ತಾಳೆ. ಗ್ರಾಮ ಪಂಚಾಯತಿಯವರು, ಶಾಲಾಭಿವೃದ್ಧಿ ಸಮಿತಿಯವರು ಕೂತು ಒಂದು ಠರಾವು ಮಾಡಲಿ: ಬೆಳಿಗ್ಗೆ ಐದರಿಂದ ಏಳರ ತನಕ ಗೇಟು ತೆರೆದಿರಬೇಕು, ವಾರಕ್ಕೆ ಮೂರು ದಿನ ಹೆಂಗಸರಿಗೇ ಮೀಸಲು. ಬೀಗದ ಕೈ ಯಾರ ಮನೆಯ ಗೂಟಕ್ಕೆ ನೇತಾಡುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಐದಕ್ಕೆ ಕೊಟ್ಟರೆ ಏಳಕ್ಕೆ ಮರಳಿ ಕೊಡುತ್ತೇವೆ. ಒಡೆದ ಬಾಟಲಿ ಆರಿಸಿ, ಕಸ ಗುಡಿಸುವ ಕೆಲಸವೂ ನಮಗೇ ಇರಲಿ, ಪೊರಕೆ ತಂದಿಟ್ಟಿದ್ದೇವೆ.